ಸ್ನೇಹಾಳನ್ನು ಸಾಯಿಸಲೇಬೇಕಿತ್ತೇ, ಮುಖ ಬದಲಿಸಿದ್ದರೆ ಸಾಕಿತ್ತೇ?

ಮೈಸೂರಿನ ವೀಕ್ಷಕಿ

ಕಳೆದ ವಾರ ಇಲ್ಲಿ ಯಾರೋ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಸ್ನೇಹಾಳ ಸಾವಿನ ಕುರಿತು "ಧಾರಾವಾಹಿ ಅಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಆ ಸಾಲಿಗೆ ಉತ್ತರ ಬರೆಯಲು ಕುಳಿತೆ. ಬರೆದದ್ದು ಉದ್ದವಾದ್ದರಿಂದ ಪ್ರತ್ಯೇಕ ಚರ್ಚೆಯಾಗಿಯೇ ಹಾಕುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಈ ಧಾರಾವಾಹಿ ಆರಂಭವಾದಾಗ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತವರು ನನ್ನ ಅತ್ತೆ. ನಾನು ಉಮಾಶ್ರೀಯವರ ದನಿ ಕೇಳಿ ಅಡುಗೆಮನೆಯಿಂದ ಈಚೆ ಬಂದವಳು. ಗಂಡು ಸಂತಾನವಾಗಲಿಲ್ಲವೆಂದು ಗಂಡ ಬಿಟ್ಟುಹೋಗಿ ರಾಜೇಶ್ವರಿಯೊಡನೆ ಸಂಸಾರ ಹೂಡಿದ ಮೇಲೆ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿಯ ಕಥೆ ಅದು. ಹಿರಿಯವಳು ಸಹನಾ ಎಲ್ಲವನ್ನೂ ನುಂಗಿಕೊಳ್ಳುವವಳು, ಕಿರಿಯವಳು ಸುಮಾ ಇನ್ನೂ ಹುಡುಗಿ, ನಡುವಿನ ಸ್ನೇಹಾ ಮಾತ್ರ ಎದುರು ನಿಂತು ಕೇಳುವವಳು. ಅವಳು ಓದಿ ಡಿ.ಸಿ. ಆಗುವುದು ಕೇವಲ ಒಬ್ಬ ಹುಡುಗಿಯ ಉದ್ಯೋಗದ ಸಂಗತಿಯಾಗಿರಲಿಲ್ಲ, ಪುಟ್ಟಕ್ಕ ತನ್ನನ್ನು ಬಿಟ್ಟುಹೋದ ಗಂಡನಿಗೂ ಆಡಿಕೊಂಡ ಊರಿಗೂ ಬಾಯಿ ತೆರೆಯದೆ ಕೊಡಬೇಕಿದ್ದ ಉತ್ತರವಾಗಿತ್ತು. ಬಡ್ಡಿ ಬಂಗಾರಮ್ಮನ ಮಗ ಕಂಠಿ ತಾನು ಯಾರೆಂಬುದನ್ನು ಮುಚ್ಚಿಟ್ಟು ಅವಳನ್ನು ಪ್ರೀತಿಸಿದ್ದು, ಆ ಸುಳ್ಳು ಬಯಲಾದದ್ದು, ಅದನ್ನು ಅವಳು ಕ್ಷಮಿಸಲು ತೆಗೆದುಕೊಂಡ ಕಾಲ, ಇವೆಲ್ಲ ಸೇರಿ ಆ ಪಾತ್ರಕ್ಕೆ ತೂಕ ಬಂದಿತ್ತು.

2024ರಲ್ಲಿ ಆ ಪಾತ್ರವನ್ನು ಮುಗಿಸಿದರು. ಆ ರಾತ್ರಿ ನಮ್ಮ ಅತ್ತೆ ಮುದ್ದೆ ಮುರಿದು ಹುರುಳಿಕಾಳಿನ ಸಾರಿಗೆ ಅದ್ದಿದ್ದರು. ಸಂಚಿಕೆ ಮುಗಿಯುವವರೆಗೂ ಆ ತುತ್ತು ತಟ್ಟೆಯಲ್ಲಿಯೇ ಇತ್ತು. ಟಿ.ವಿ. ಆರಿಸಿದ ಮೇಲೆ ಅವರು ಆಡಿದ್ದು ಒಂದೇ ಮಾತು: "ಅಷ್ಟು ಓದ್ಸಿದ್ದೇ ದಂಡ ಆಯ್ತಲ್ಲಮ್ಮ." ನನಗೆ ನೋವಾದದ್ದು ಅಲ್ಲಿ. ಸ್ನೇಹಾಳಾಗಿದ್ದ ಸಂಜನಾ ಬುರ್ಲಿ ಅವರು ಧಾರಾವಾಹಿಯನ್ನು ಬಿಟ್ಟದ್ದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಅದು ಅವರ ಬದುಕು. ಆದರೆ ಬೇರೊಬ್ಬ ನಟಿಯನ್ನು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿದ್ದರೆ ಒಂದು ತಿಂಗಳು ಗೊಣಗಿ ನಾವೇ ಒಪ್ಪಿಕೊಳ್ಳುತ್ತಿರಲಿಲ್ಲವೇ? ಪಾತ್ರವನ್ನೇ ಕೊಂದು ಮೂರು ವರ್ಷದ ಹೋರಾಟವನ್ನು ದಂಡ ಮಾಡುವ ಅಗತ್ಯ ಏನಿತ್ತು?

ಗುರುವಾರದ ಲೆಕ್ಕ

ನಿಮ್ಮ ಅತ್ತೆಯವರ ಮಾತು ತಟ್ಟಿತು, ಆದರೂ ನಿಮ್ಮ ಪರಿಹಾರವನ್ನು ನಾನು ಒಪ್ಪಲಾರೆ. ಮುಖ ಬದಲಿಸಿದರೆ ಏನಾಗುತ್ತದೆ ಎಂಬುದನ್ನು 'ಜೊತೆ ಜೊತೆಯಲಿ'ಯಲ್ಲಿ ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. 2019ರಲ್ಲಿ ಆರಂಭವಾದ ಆ ಧಾರಾವಾಹಿ ಮರಾಠಿಯ 'ತುಲಾ ಪಾಹತೇ ರೇ' ಕಥೆಯನ್ನು ಆಧರಿಸಿದ್ದು. ಮರಾಠಿಯವರು ಒಂದು ವರ್ಷದೊಳಗೆ ಹೇಳಿ ಮುಗಿಸಿದ ಕಥೆಯನ್ನು ನಮ್ಮವರು 2023ರವರೆಗೆ ಎಳೆದರು. ಮೂಲದಲ್ಲಿ ನಡುವಯಸ್ಸಿನ ನಾಯಕನೇ ಕೊನೆಗೆ ಖಳನೆಂದು ತಿಳಿಯುತ್ತದೆ. ಇಲ್ಲಿ ಅನಿರುದ್ಧ ಅವರ ಆರ್ಯವರ್ಧನನನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಅವನನ್ನು ಖಳನೆಂದು ಒಪ್ಪಲು ನಮ್ಮ ಬೀದಿಯಲ್ಲಿ ಒಬ್ಬರೂ ಸಿದ್ಧರಿರಲಿಲ್ಲ. 2022ರಲ್ಲಿ ಅವರು ಹೊರನಡೆದರು, ಹರೀಶ್ ರಾಜ್ ಬಂದರು. ಕಥೆಯಲ್ಲಿ ಅಪಘಾತವಾಯಿತು, ಶಸ್ತ್ರಚಿಕಿತ್ಸೆಯಾಯಿತು, ಮುಖ ಬದಲಾಯಿತು. ಹರೀಶ್ ರಾಜ್ ಪಳಗಿದ ನಟರು, ಅವರ ತಪ್ಪು ಕಿಂಚಿತ್ತೂ ಇರಲಿಲ್ಲ. ಆದರೆ ನಾಯಕಿ ಅನು ಸಿರಿಮನೆ ಯಾರನ್ನು ನೋಡಿ ಕಣ್ಣೀರಿಡುತ್ತಿದ್ದಾಳೆ ಎಂದು ನನ್ನ ತಾಯಿ ಪ್ರತಿ ಸಂಚಿಕೆಯಲ್ಲೂ ಕೇಳುತ್ತಿದ್ದರು, ನಾನು ಪ್ರತಿ ಸಂಚಿಕೆಯಲ್ಲೂ ವಿವರಿಸುತ್ತಿದ್ದೆ.

ಗಮನಿಸಿ, ಆ ಧಾರಾವಾಹಿಯ ನಿರ್ದೇಶಕರೂ ಆರೂರು ಜಗದೀಶ್, 'ಪುಟ್ಟಕ್ಕನ ಮಕ್ಕಳು' ನಿರ್ದೇಶಕರೂ ಅವರೇ. ಒಮ್ಮೆ ಮುಖ ಬದಲಿಸಿ ಕೈ ಸುಟ್ಟುಕೊಂಡವರು ಎರಡನೆಯ ಸಲ ಬೇರೆ ದಾರಿ ಹಿಡಿದರು ಎಂದೇ ನಾನು ಊಹಿಸುತ್ತೇನೆ. ಊಹೆ ಮಾತ್ರ. ಸತ್ತ ಸ್ನೇಹಾ ನಮ್ಮ ನೆನಪಿನಲ್ಲಿ ಸ್ನೇಹಾಳಾಗಿಯೇ ಉಳಿಯುತ್ತಾಳೆ. ಮುಖ ಬದಲಾದ ಆರ್ಯ ಮಾತ್ರ ಅತ್ತ ಸಾಯಲೂ ಇಲ್ಲ, ಇತ್ತ ಉಳಿಯಲೂ ಇಲ್ಲ.

ಹಳೇ ಆ್ಯಂಟೆನಾ

'ಲಕ್ಷ್ಮೀ ಬಾರಮ್ಮ' ನೋಡಿದವರು ಇಲ್ಲಿ ಯಾರೂ ಇಲ್ಲವೇ? ಚಂದು ಪಾತ್ರದಲ್ಲಿ ಚಂದನ್ ಕುಮಾರ್ ಇದ್ದರು, ಅವರ ನಂತರ ಶೈನ್ ಶೆಟ್ಟಿ ಬಂದರು. ಚಿನ್ನು ಪಾತ್ರದಲ್ಲಿ ಕವಿತಾ ಗೌಡ ಇದ್ದರು, ಅವರ ನಂತರ ರಶ್ಮಿ ಪ್ರಭಾಕರ್ ಬಂದರು. ಶಸ್ತ್ರಚಿಕಿತ್ಸೆಯೂ ಇಲ್ಲ, ಅಪಘಾತವೂ ಇಲ್ಲ. ಗಂಡ ಬೇರೆ, ಹೆಂಡತಿ ಬೇರೆ, ಸಂಸಾರ ಮಾತ್ರ ಅದೇ. ನಮ್ಮ ಮನೆಯವರು ಒಂದು ವಾರ "ಇವಳು ಆ ಚಿನ್ನು ಅಲ್ಲ" ಎಂದರು, ಎರಡನೆಯ ವಾರ "ಪಾಪ, ಚಿನ್ನು" ಎಂದರು. ಕಾರಣ ಕೊಡಲು ಹೋದಾಗಲೇ ಕಥೆ ಕೆಡುತ್ತದೆ ಎಂಬುದು ನನ್ನ ಅನುಭವ. ಹಿಂದಿಯ 'ಬಾಲಿಕಾ ವಧು'ವಿನಲ್ಲಿಯೂ 2013ರಲ್ಲಿ ಆನಂದಿಯ ಪಾತ್ರಧಾರಿ ಬದಲಾದರು, ಧಾರಾವಾಹಿ ಆಮೇಲೂ ಮೂರು ವರ್ಷ ನಡೆಯಿತು.

ಸೀನ್ ಪೇಪರ್

ಕೆಲವು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವನು ನಾನು. ಈಗ ಆ ಕೆಲಸದಲ್ಲಿಲ್ಲ. ನೀವು ಮಾತನಾಡುತ್ತಿರುವ ಧಾರಾವಾಹಿಗಳಲ್ಲಿ ಯಾವುದರಲ್ಲಿಯೂ ನಾನು ಇರಲಿಲ್ಲ, ಆದ್ದರಿಂದ ಅಲ್ಲಿ ಏನು ನಡೆಯಿತೆಂದು ಹೇಳುವ ಹಕ್ಕು ನನಗಿಲ್ಲ. ಇಂತಹ ನಿರ್ಧಾರಗಳು ಸಾಮಾನ್ಯವಾಗಿ ಹೇಗೆ ಹುಟ್ಟುತ್ತವೆ ಎಂಬುದನ್ನಷ್ಟೇ ಹೇಳಬಲ್ಲೆ.

ಪ್ರೇಕ್ಷಕರು ಒಬ್ಬ ಲೇಖಕನನ್ನು ಕಲ್ಪಿಸಿಕೊಂಡು ಬೈಯುತ್ತಾರೆ. ವಾಸ್ತವದಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು, ಇವೆಲ್ಲದರ ಮೇಲೆ ವಾಹಿನಿಯವರ ಒಪ್ಪಿಗೆಯ ಮುದ್ರೆ ಬೀಳಬೇಕು. ವಾರಕ್ಕೆ ಐದಾರು ಸಂಚಿಕೆ ಪ್ರಸಾರವಾಗುತ್ತಲೇ ಇರುವುದರಿಂದ, ಮುಂಚಿತವಾಗಿ ಚಿತ್ರೀಕರಿಸಿಟ್ಟ ಸಂಚಿಕೆಗಳು, ಅಂದರೆ ನಾವು ಬ್ಯಾಂಕಿಂಗ್ ಎನ್ನುವುದು, ಕರಗಿದ ದಿನ ಎಲ್ಲರ ತಲೆ ಕೆಡುತ್ತದೆ. ನಾನು ಬರೆಯುತ್ತಿದ್ದ ಒಂದು ಧಾರಾವಾಹಿಯಲ್ಲಿ ಅಣ್ಣ ತಂಗಿಯ ಮದುವೆಗೆ ಒಪ್ಪುವ ದೊಡ್ಡ ದೃಶ್ಯವಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸೆಟ್‌ನಿಂದ ಕರೆ ಬಂತು: ಅಣ್ಣನ ಪಾತ್ರಧಾರಿ ಇಂದೂ ಬರುವುದಿಲ್ಲ, ನಾಳೆಯೂ ಬರುವುದಿಲ್ಲ. ತಂಗಿಯಾದವರು ಮೇಕಪ್ ಮುಗಿಸಿ ರೇಷ್ಮೆ ಸೀರೆ ಉಟ್ಟು ಕುಳಿತಿದ್ದರು. ನಾನು ಅರ್ಧ ಗಂಟೆಯಲ್ಲಿ ಆ ನಾಲ್ಕು ಪುಟದ ದೃಶ್ಯವನ್ನು ಫೋನ್ ಸಂಭಾಷಣೆಯಾಗಿ ಬದಲಿಸಿ ಕಳುಹಿಸಿದೆ. ಆ ಕಡೆಯ ದನಿಯೂ ನಮ್ಮಲ್ಲಿರಲಿಲ್ಲ. "ಹೌದಾ ಅಣ್ಣ… ಸರಿ ಅಣ್ಣ… ನೀನೇ ಒಪ್ಪಿದ ಮೇಲೆ ಇನ್ನೇನಣ್ಣ" ಎಂದು ಆಕೆ ಕೈಯಲ್ಲಿದ್ದ ಸತ್ತ ಫೋನಿಗೆ ಹೇಳುತ್ತ ಅತ್ತರು, ಪಕ್ಕದಲ್ಲಿ ಸಹಾಯಕ ನಿರ್ದೇಶಕ ಸಾಲು ಓದಿಕೊಡುತ್ತಿದ್ದ. ಅಣ್ಣ ದುಬೈಗೆ ಹೋದ. ಮದುವೆಗೂ ಬರಲಿಲ್ಲ.

ಮುಖ್ಯ ಪಾತ್ರವನ್ನು ಹಾಗೆ ದುಬೈಗೆ ಕಳುಹಿಸಲಾಗುವುದಿಲ್ಲ. ಹೊಸಬರನ್ನು ತರುವುದೆಂದರೆ ಆಯ್ಕೆ, ಲುಕ್ ಟೆಸ್ಟ್, ವಾಹಿನಿಯ ಒಪ್ಪಿಗೆ, ಅಷ್ಟರೊಳಗೆ ಬ್ಯಾಂಕಿಂಗ್ ಖಾಲಿ. ಸಾವು ಬರೆದರೆ ಎರಡು ವಾರದ ಸಂಚಿಕೆ ತಾನಾಗಿ ದೊರೆಯುತ್ತದೆ: ಎಲ್ಲ ಪಾತ್ರಗಳೂ ಒಂದೇ ಅಂಗಳದಲ್ಲಿ, ಪ್ರತಿಯೊಬ್ಬರಿಗೂ ಒಂದೊಂದು ಅಳುವ ದೃಶ್ಯ, ಭರ್ಜರಿ ಪ್ರೋಮೊ. ಕೊನೆಗೆ ಗೋಡೆಯಲ್ಲಿ ಹಾರ ಹಾಕಿದ ಫೋಟೊ. ಫೋಟೊಗೆ ಚಿತ್ರೀಕರಣದ ಡೇಟ್ ಹೊಂದಿಸಬೇಕಿಲ್ಲ.

ಮೈಸೂರಿನ ವೀಕ್ಷಕಿ

ಸೀನ್ ಪೇಪರ್ ಅವರೇ, ನೀವು ವಿವರಿಸಿದ್ದರಿಂದ ನನ್ನ ಕೋಪ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಎರಡು ವಾರದ ಸಂಚಿಕೆಗಾಗಿ ಎಂದಾದರೆ ಇನ್ನೂ ಕಷ್ಟ. ಮೂರನೆಯ ವಾರದಿಂದ ಆ ತಾಯಿಯ ಕಥೆಗೆ ಏನು ಆಧಾರ ಉಳಿಯುತ್ತದೆ ಎಂದು ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲವೇ?

ಗುರುವಾರದ ಲೆಕ್ಕ ಅವರು ಆರ್ಯನ ಉದಾಹರಣೆ ಕೊಟ್ಟಿದ್ದಾರೆ. ಆರ್ಯವರ್ಧನ ಎಂಬ ಪಾತ್ರ ನಿಂತಿದ್ದದ್ದೇ ಆ ನಟರ ವಯಸ್ಸು, ಗಾಂಭೀರ್ಯ, ನಡಿಗೆಯ ಮೇಲೆ. ಪ್ರೇಮಕಥೆಯಲ್ಲಿ ಮುಖವೇ ಅರ್ಧ ಕಥೆ. ಸ್ನೇಹಾ ಅಂಥ ಪಾತ್ರವಲ್ಲ. ಅವಳನ್ನು ನಾವು ಹಚ್ಚಿಕೊಂಡದ್ದು ಅವಳು ಏನಾಗಲಿದ್ದಾಳೆ ಎಂಬುದಕ್ಕಾಗಿ. ಬೇರೆ ಯಾರು ಬಂದರೂ ಪುಟ್ಟಕ್ಕನ ಮಗಳು ಡಿ.ಸಿ. ಕಚೇರಿಯ ಮೆಟ್ಟಿಲು ಹತ್ತಿ ಹೋಗುವುದನ್ನು ನಾವು ನೋಡುತ್ತಿದ್ದೆವು.

ಧಾರವಾಡದ ಕಟ್ಟೆ

ಎಲ್ಲ ಸಾವುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ಹೇಳಲು ಬಂದೆ. 'ಕನ್ನಡತಿ'ಯ ರತ್ನಮಾಲಾ ಅವರ ಸಾವನ್ನು ನೆನಪಿಸಿಕೊಳ್ಳಿ. ಚಿತ್ಕಳಾ ಬಿರಾದಾರ ಅವರು ಮಾಡಿದ ಆ ಅಮ್ಮಮ್ಮನ ಪಾತ್ರ 2022ರಲ್ಲಿ ಮುಗಿಯಿತು, ನಮ್ಮ ಮನೆಯಲ್ಲಿಯೂ ಅಂದು ಯಾರೂ ಹೆಚ್ಚು ಮಾತನಾಡಲಿಲ್ಲ, ಆದರೆ ಮೋಸ ಹೋದೆವು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಏಕೆಂದರೆ ಆ ಸಾವು ಬಹಳ ಹಿಂದಿನಿಂದ ನಡೆದು ಬಂದಿತ್ತು. ತನ್ನ ದಿನಗಳು ಕಡಿಮೆ ಎಂದು ಆಕೆಗೆ ತಿಳಿದಿತ್ತು, ನಮಗೂ ತಿಳಿದಿತ್ತು, ಮಗನಿಗೆ ತಿಳಿದಿರಲಿಲ್ಲ. ತಾನು ಕಟ್ಟಿದ ಸಂಸ್ಥೆಯನ್ನು ಯಾರ ಕೈಗೆ ಕೊಡಬೇಕೆಂದು ಆಕೆ ಆಲೋಚಿಸಿ, ಆಸ್ತಿಯನ್ನು ಸೌಪರ್ಣಿಕಾ ಎಂಬ ಹೆಸರಿಗೆ ಬರೆದಾಗ, ಆ ಸೌಪರ್ಣಿಕಾ ನಮ್ಮ ನಾಯಕಿ ಭುವಿಯೇ ಎಂಬುದು ಮನೆಯ ಇತರರಿಗೆ ಗೊತ್ತಿರಲಿಲ್ಲ. ಹೀಗಾಗಿ ರತ್ನಮಾಲಾ ಹೋದ ಮೇಲೂ ಆಕೆಯ ನಿರ್ಧಾರವೇ ಕಥೆಯನ್ನು ನಡೆಸಿತು. ಖಳನಾಯಕಿ ಸಾನಿಯಾ ಏನು ಸಂಚು ಮಾಡಿದರೂ ಸತ್ತ ಅತ್ತೆಯ ಸಹಿಯೊಡನೆಯೇ ಅವಳು ಗುದ್ದಾಡಬೇಕಾಯಿತು.

ಅದೇ ಧಾರಾವಾಹಿಯಲ್ಲಿ ಸಾನಿಯಾಳ ಪಾತ್ರಧಾರಿಯೂ ಬದಲಾದರು, ರಮೋಲಾ ಹೋಗಿ ಆರೋಹಿ ನೈನಾ ಬಂದರು. ನನಗೆ ಅದು ನೆನಪಾದದ್ದೇ ಈ ಚರ್ಚೆ ಓದಿದ ಮೇಲೆ. ಹಾಗೆಂದು ಖಳ ಪಾತ್ರಕ್ಕೆ ಬೇರೆ ಮುಖವನ್ನು ಒಪ್ಪುವಷ್ಟು ಸುಲಭವಾಗಿ ನಾಯಕಿಗೆ ಒಪ್ಪುತ್ತೇವೆಯೇ ಎಂಬುದರ ಬಗ್ಗೆ ನನಗೆ ಅನುಮಾನವಿದೆ; ಭುವಿಯಾಗಿ ರಂಜನಿ ರಾಘವನ್ ಅವರಲ್ಲದೆ ಬೇರೊಬ್ಬರು ಸಂಚಿಕೆಯ ಕೊನೆಯಲ್ಲಿ ಬಂದು ಕನ್ನಡದ ತಪ್ಪು ತಿದ್ದಿದ್ದರೆ ನಾನಂತೂ ಕೇಳುತ್ತಿರಲಿಲ್ಲ.

ಸ್ನೇಹಾಳ ವಿಷಯದಲ್ಲಿ ನನ್ನ ಆಕ್ಷೇಪವಿರುವುದು ಸಾವಿನ ಬಗ್ಗೆ ಅಲ್ಲ. ಅವಳು ಹೋದ ಮೇಲೆ ನಡೆಯುತ್ತಲೇ ಇರುವ ಯಾವುದೊಂದು ಕೆಲಸವನ್ನೂ ಅವಳಿಂದ ಮಾಡಿಸಿರಲಿಲ್ಲ. ಡಿ.ಸಿ. ಆದವಳು ಆ ಜಿಲ್ಲೆಗಾಗಿ ಮಾಡಿದ್ದೇನು ಎಂದು ಕೇಳಿದರೆ ನನಗೆ ನೆನಪಿಗೆ ಬರುವುದು ಅವಳ ಸಂಸಾರದ ಜಗಳಗಳೇ.

ಗುರುವಾರದ ಲೆಕ್ಕ

ಧಾರವಾಡದವರು ಹೇಳಿದ್ದನ್ನು ಒಪ್ಪುತ್ತೇನೆ, ನನ್ನ ವಾದವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧಕ್ಕೆ ಒಂದು ಮಾತು ಸೇರಿಸುವುದಿದೆ. ಸ್ನೇಹಾ ಸತ್ತಳೆಂದು ನಮ್ಮ ಮನೆಯಲ್ಲಿ ಮೊದಲ ಎರಡು ದಿನ ಯಾರೂ ನಂಬಲೇ ಇಲ್ಲ. "ಬರ್ತಾಳೆ ಬಿಡು, ಎಲ್ಲೋ ಆಸ್ಪತ್ರೆಯಲ್ಲಿ ಇರ್ತಾಳೆ" ಎಂದು ನನ್ನ ತಾಯಿ ನಿಶ್ಚಿಂತೆಯಿಂದ ಹೂ ಕಟ್ಟುತ್ತ ಕುಳಿತಿದ್ದರು. ಅವರಿಗೆ ಈ ಪಾಠ ಕಲಿಸಿದ್ದು 'ಪುಟ್ಟಗೌರಿ ಮದುವೆ'. 2012ರಲ್ಲಿ ಬಾಲ್ಯವಿವಾಹದ ಕಥೆಯಾಗಿ ಆರಂಭವಾದಾಗ ಅದು ನಿಜಕ್ಕೂ ಮನಸ್ಸಿಟ್ಟು ಮಾಡಿದ ಧಾರಾವಾಹಿ; ಅಜ್ಜಮ್ಮನ ಅಂಕೆಯಲ್ಲಿ ಪುಟ್ಟ ಹುಡುಗಿ ನಲುಗುವುದನ್ನು ನೋಡಿ ನಮ್ಮ ಓಣಿಯ ಅಜ್ಜಿಯರು ತಮ್ಮ ಮದುವೆಯ ಕಥೆ ಹೇಳಿಕೊಳ್ಳುತ್ತಿದ್ದರು. ಐದನೆಯ ವರ್ಷಕ್ಕೆ ಬಂದಾಗ ಗೌರಿ ಬೆಟ್ಟದ ತುದಿಯಿಂದ ಕೆಳಗೆ ಬಿದ್ದಳು, ಬದುಕಿದಳು, ಕಾಡಿನಲ್ಲಿ ಹುಲಿ ಎದುರಾಯಿತು, ಹಾವು ಬಂತು, ಆಗಲೂ ಬದುಕಿದಳು. ಆ ದೃಶ್ಯಗಳನ್ನು ಕತ್ತರಿಸಿ ಮಾಡಿದ ಹಾಸ್ಯದ ತುಣುಕುಗಳು ಧಾರಾವಾಹಿಯನ್ನು ಒಂದು ದಿನವೂ ನೋಡದವರ ಫೋನಿಗೂ ತಲುಪಿದ್ದವು. ನಾನೂ ನಕ್ಕಿದ್ದೇನೆ. ಆದರೆ ಅಂದಿನಿಂದ ಸಾವಿನ ದೃಶ್ಯ ಬಂದಾಗ ನೋಡುವವರು ಮೊದಲು ಕೇಳುವುದು "ಹೆಣ ತೋರಿಸಿದರಾ?" ಎಂದು.

ಸ್ನೇಹಾಳ ವಿಷಯದಲ್ಲಿ ತೋರಿಸಿದರು. ಮೂರನೆಯ ದಿನ ನನ್ನ ತಾಯಿ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಹಳೇ ಆ್ಯಂಟೆನಾ

ನನ್ನ ವಯಸ್ಸಿನವರಿಗೆ ಇನ್ನೊಂದು ಬಗೆಯ ನಷ್ಟವೂ ಗೊತ್ತು. ಟಿ.ಎನ್. ಸೀತಾರಾಂ ಅವರ 'ಮಗಳು ಜಾನಕಿ' 2018ರಲ್ಲಿ ಆರಂಭವಾಗಿ 2020ರ ಲಾಕ್‌ಡೌನ್ ಹೊತ್ತಿಗೆ ನಿಂತುಹೋಯಿತು. ಜಾನಕಿ ಸಾಯಲಿಲ್ಲ, ಮುಖವೂ ಬದಲಾಗಲಿಲ್ಲ. ಕಥೆಯೇ ನಡುದಾರಿಯಲ್ಲಿ ನಿಂತಿತು. ಚಿತ್ರೀಕರಣ ನಿಂತಿದ್ದ ಆ ತಿಂಗಳುಗಳಲ್ಲಿ ವಾಹಿನಿಗಳು ಡಬ್ ಮಾಡಿದ ಪೌರಾಣಿಕ ಧಾರಾವಾಹಿಗಳನ್ನು ಹಾಕಿದವು, ಜನ ಅದನ್ನೂ ನೋಡಿದರು. ನಾನು ಜಾನಕಿಗಾಗಿ ಕಾದೆ. ಯಾರಾದರೂ ಆ ಕಥೆಯ ಕೊನೆಯನ್ನು ಎರಡು ಪುಟದಲ್ಲಿ ಬರೆದು ಹಾಕಿದ್ದರೂ ಸಾಕಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸೀತಾರಾಂ ಅವರದ್ದೇ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡಗೂಡಿ ದೂರದರ್ಶನಕ್ಕೆ ಮಾಡಿದ 'ಮಾಯಾಮೃಗ'ವನ್ನು 2022ರಲ್ಲಿ 'ಮತ್ತೆ ಮಾಯಾಮೃಗ'ವೆಂದು ಮುಂದುವರಿಸಿದಾಗ, ಮಾಳವಿಕಾ ಅವರಂತಹ ಹಳೆಯ ಕಲಾವಿದರು ಮತ್ತೆ ಬಂದರು. ಕಾಲು ಶತಮಾನ ಹತ್ತಿರವಾದ ಮೇಲೆ ಅವರ ಮುಖಗಳೂ ಬದಲಾಗಿದ್ದವು, ನನ್ನದೂ ಬದಲಾಗಿತ್ತು. ಆ ಬದಲಾವಣೆಯನ್ನು ಯಾರೂ ವಿವರಿಸಬೇಕಾಗಲಿಲ್ಲ.

ಅಂದ ಹಾಗೆ, ಸೀನ್ ಪೇಪರ್ ಅವರೇ, ನಿಮ್ಮ ಆ ದುಬೈ ಅಣ್ಣ ಕೊನೆಗೂ ವಾಪಸಾದನೇ?

ಸೀನ್ ಪೇಪರ್

ಇಲ್ಲ ಸರ್. ಧಾರಾವಾಹಿ ಮುಗಿಯುವ ಸಂಚಿಕೆಯಲ್ಲಿ ಅವನ ಬಗ್ಗೆ ಒಂದು ಸಾಲಾದರೂ ಹಾಕೋಣವೆಂದೆ, ಜಾಗವಿಲ್ಲ ಎಂದರು. ಅವನು ಇನ್ನೂ ಅಲ್ಲಿಯೇ ಇದ್ದಾನೆ.

ಗಂಭೀರವಾಗಿ ಹೇಳುವುದಾದರೆ, ಮೈಸೂರಿನವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ. ಮೂರನೆಯ ವಾರದ ಬಗ್ಗೆ ಸಭೆಯಲ್ಲಿ ಕೇಳುವವರು ಇರುತ್ತಾರೆ, ಸಾಮಾನ್ಯವಾಗಿ ಸಂಭಾಷಣೆ ಬರೆಯುವವರೇ ಕೇಳುತ್ತಾರೆ, ಏಕೆಂದರೆ ಆ ವಾರ ಪಾತ್ರಗಳ ಬಾಯಲ್ಲಿ ಮಾತು ಹಾಕಬೇಕಾದವರು ಅವರು. ಆದರೆ ಸಭೆ ನಡೆಯುವುದು ಗುರುವಾರ ಟಿ.ಆರ್.ಪಿ., ಅಂದರೆ ಎಷ್ಟು ಜನ ನೋಡಿದರೆಂಬ ಅಂಕಿ, ಬಂದ ಮೇಲೆ. ಅಂಕಿ ಇಳಿದಿದ್ದರೆ ಮಾತೆಲ್ಲ ಈ ವಾರದ ಪ್ರೋಮೊ ಕುರಿತೇ ಆಗುತ್ತದೆ, ಅಂಕಿ ಏರಿದ್ದರೆ ಅದನ್ನೇ ಇನ್ನಷ್ಟು ಎಳೆಯುವ ಕುರಿತು ಆಗುತ್ತದೆ. ತಾಯಿಯ ಕಥೆ ತಾಯಿಯದೇ ಆಗಿ ಉಳಿಯಬೇಕೆಂದು ಹಟ ಹಿಡಿಯುವ ಒಬ್ಬರು ಆ ಕೋಣೆಯಲ್ಲಿದ್ದರೆ ಉಳಿಯುತ್ತದೆ. 'ಭಾಗ್ಯಲಕ್ಷ್ಮೀ'ಯಲ್ಲಿ ಭಾಗ್ಯ ಮಗಳ ಜೊತೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಪರೀಕ್ಷೆ ಬರೆದ ಭಾಗ ನೋಡಿದಾಗ, ಅಲ್ಲಿ ಅಂಥವರೊಬ್ಬರು ಇದ್ದಿರಬೇಕು ಎನ್ನಿಸಿತು. ಅತ್ತೆ ಕುಸುಮಾ ಸ್ವಂತ ಮಗನನ್ನು ಎದುರು ಹಾಕಿಕೊಂಡು ಸೊಸೆಯ ಪರ ನಿಲ್ಲುವುದು ನಮ್ಮ ಧಾರಾವಾಹಿಗಳಲ್ಲಿ ಸುಲಭವಾಗಿ ಒಪ್ಪಿಗೆಯಾಗುವ ಕಥೆಯಲ್ಲ.

ಹೊರನಾಡಿನ ನೋಡುಗ

ಪರದೇಶದಲ್ಲಿ ಕುಳಿತು ಆ್ಯಪ್‌ನಲ್ಲಿ ನಾಲ್ಕಾರು ಸಂಚಿಕೆ ಒಟ್ಟಿಗೆ ನೋಡುವವನು ನಾನು, ಆದ್ದರಿಂದ ನಿಮ್ಮಂತೆ ದಿನವಿಡೀ ಕಾದು ಅನುಭವಿಸಿದ ದುಃಖ ನನಗಿಲ್ಲ. ನನಗೆ ಒಪ್ಪಿಗೆಯಾಗದೆ ಉಳಿದದ್ದು ಸಾವಿನ ನಂತರದ ತಿರುವು: ಸ್ನೇಹಾಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿದ್ದು, ಆ ಹುಡುಗಿಯ ಹೆಸರೂ ಸ್ನೇಹಾ ಎಂದಿದ್ದು. ಅಂಗದಾನವನ್ನು ತೋರಿಸಿದ್ದು ಒಳ್ಳೆಯದೇ. ಆದರೆ ಮುಖ ಬದಲಿಸಲು ಮನಸ್ಸಿಲ್ಲದವರು ಹೃದಯವನ್ನೂ ಹೆಸರನ್ನೂ ಉಳಿಸಿಕೊಂಡು ಉಳಿದದ್ದನ್ನೆಲ್ಲ ಬದಲಿಸಿದರಲ್ಲ, ಇದು ನೀವು ಚರ್ಚಿಸುತ್ತಿರುವ ಎರಡು ದಾರಿಗಳಲ್ಲಿ ಯಾವುದು? ಮೈಸೂರಿನ ವೀಕ್ಷಕಿಯವರೇ, ನಿಮ್ಮ ಅತ್ತೆಯವರು ಆ ಹೊಸ ಸ್ನೇಹಾಳನ್ನು ಒಪ್ಪಿದರೇ?

ಮೈಸೂರಿನ ವೀಕ್ಷಕಿ

ನಿಮ್ಮ ಪ್ರಶ್ನೆ ಓದಿದ ಮೇಲೆ ನಿನ್ನೆ ಅತ್ತೆಯವರನ್ನೇ ಕೇಳಿದೆ. ಅವರು ಧಾರಾವಾಹಿ ನೋಡುವುದನ್ನು ಬಿಡಲಿಲ್ಲ. ಹದಿನೈದು ದಿನ ಬಿಟ್ಟಿದ್ದರು, ಆಮೇಲೆ ಪುಟ್ಟಕ್ಕ ಹೇಗಿದ್ದಾಳೋ ಎಂದು ತಾವೇ ಹಾಕಿಕೊಂಡರು. ನಮ್ಮ ಪಕ್ಕದ ಮನೆಯ ಮಗಳು ಗಂಡನನ್ನು ಕಳೆದುಕೊಂಡಾಗಲೂ ಅವರು ಹೀಗೆಯೇ ಹದಿನೈದು ದಿನದ ಮೇಲೆ ಬಾಳೆಹಣ್ಣಿನ ಚಿಪ್ಪು ಹಿಡಿದು ಹೋಗಿ ಕುಳಿತು ಬಂದಿದ್ದರು. ಆ ತಾಯಿಯನ್ನು ನೋಡಿಬರಲು ಹೋದ ಹಾಗೆಯೇ ಇದೂ ಇತ್ತು.

ಹೊಸ ಹುಡುಗಿಯ ವಿಷಯಕ್ಕೆ ಬಂದರೆ, ಅವಳ ಅಭಿನಯದಲ್ಲಿ ಕೊರತೆಯಿದೆ ಎಂದು ಅತ್ತೆ ಒಮ್ಮೆಯೂ ಹೇಳಿಲ್ಲ. ಕಂಠಿಯ ಎದುರು ಅವಳು ನಿಂತಾಗ ಮಾತ್ರ ರಿಮೋಟ್ ಹುಡುಕುವ ನೆಪ ಮಾಡಿ ಎದ್ದುಬಿಡುತ್ತಿದ್ದರು. ಹಳೇ ಆ್ಯಂಟೆನಾ ಅವರ ಮನೆಯಲ್ಲಿ ಎರಡನೆಯ ವಾರಕ್ಕೆ ಆದದ್ದು ನಮ್ಮಲ್ಲಿ ಕೊನೆಯವರೆಗೂ ಆಗಲಿಲ್ಲ. ಪುಟ್ಟಕ್ಕ ಅವಳನ್ನು ಹೆಸರು ಹಿಡಿದು ಕರೆದರೆ ಅತ್ತೆ ಏನೂ ಅನ್ನುತ್ತಿರಲಿಲ್ಲ. ನಾನು ಅಡುಗೆಮನೆಯಿಂದ "ಈಗ ಬಂದದ್ದು ಯಾರತ್ತೆ?" ಎಂದು ಕೇಳಿದರೆ, "ಆ ಹೃದಯದ ಹುಡುಗಿ" ಎನ್ನುತ್ತಿದ್ದರು.